ಎರಡು ಕುದುರೆ, ಮೂರು ಎಕರೆ ಇಳಿಜಾರಿಗೆ ಎಷ್ಟು ಎಚ್‌ಪಿ?

ಸಕಲೇಶಪುರದ ಇಳಿಜಾರು ಜಾಗದಲ್ಲಿ ಲದ್ದಿ ಸಾಗಿಸೋಕೆ, ಹುಲ್ಲು ಸವರೋಕೆ 18 ಎಚ್‌ಪಿ ಟ್ರ್ಯಾಕ್ಟರ್ ಸಾಕಾ ಅಂತ ಕೇಳಿದ್ದೀರಿ. ಬಯಲಾಗಿದ್ದರೆ ಸಾಕಿತ್ತು. ನಿಮ್ಮ ಮಳೆಗಾಲದ ಕೆಸರಿಗೆ 24 ಎಚ್‌ಪಿ, ಫೋರ್ ವೀಲ್ ಡ್ರೈವ್ ನೋಡಿ. ಮಹೀಂದ್ರ ಜೀವೊ 245, ಕುಬೋಟಾ ಬಿ2441 ತರದ್ದು. ಡೀಲರ್ ಹತ್ತಿರ ಪಿಟಿಒ ಎಚ್‌ಪಿ (ಟ್ರ್ಯಾಕ್ಟರ್ ಹಿಂದೆ ತಿರುಗುವ ಶಾಫ್ಟ್‌ಗೆ ಸಿಗುವ ಶಕ್ತಿ) ಎಷ್ಟು ಅಂತಲೇ ಕೇಳಿ, ಹುಲ್ಲು ಸವರುವ ಸ್ಲ್ಯಾಷರ್ ತಿರುಗಿಸೋದು ಅದು. 4 ಅಡಿಗಿಂತ ಅಗಲದ ಸ್ಲ್ಯಾಷರ್ ಬೇಡ.

ನಿಜವಾದ ಅಪಾಯ ಟ್ರೇಲರ್‌ನದು. ಹಸಿ ಲದ್ದಿ ಭಾರಿ ತೂಕ; ಇಳಿಯುವಾಗ ಹಿಂದಿನಿಂದ ತಳ್ಳುತ್ತೆ. ಮೇಲಿಂದಲೇ ಲೋ ಗೇರ್ ಹಾಕಿ ಇಳಿಸಿ, ನಡುವೆ ಕ್ಲಚ್ ಒತ್ತಬೇಡಿ. ಎರಡೂ ಬ್ರೇಕ್ ಪೆಡಲ್‌ಗೆ ಕೊಂಡಿ ಹಾಕಿರಬೇಕು, ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ತಿರುಗಿಬಿಡುತ್ತೆ. ಅಡ್ಡ ಇಳಿಜಾರಲ್ಲಿ ಓಡಿಸಲೇಬೇಡಿ. ಮುಂದೆ ಬಕೆಟ್ ಇರುವ ಲೋಡರ್ ಆಸೆಯಿದ್ದರೆ ಹಿಂದೆ ತೂಕ ಕಟ್ಟಿಸಿ. ಕೊಳ್ಳುವ ಮುಂಚೆ ಡೆಮೊ ನಿಮ್ಮ ಜಾಗದಲ್ಲೇ ಆಗಲಿ, ಟ್ರೇಲರ್ ತುಂಬಿಸಿ.