ಹುಲ್ಲಿನಡಿ ಸೇರಿದ ಬಾಣ ಮತ್ತು ಮೆಟಲ್ ಡಿಟೆಕ್ಟರ್

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳು ನಮ್ಮ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಗುರಿಹಲಗೆ ನಿಲ್ಲಿಸಿಕೊಂಡು ಬಿಲ್ಲುಗಾರಿಕೆಯ ಅಭ್ಯಾಸ ಮಾಡುತ್ತಾಳೆ. ಮಳೆಗಾಲದಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದಿದ್ದು, ಗುರಿ ತಪ್ಪಿದ ಮೂರು ಕಾರ್ಬನ್ ಬಾಣಗಳು ಇನ್ನೂ ಸಿಕ್ಕಿಲ್ಲ. ಪರಿಚಯದವರಿಂದ ಮೆಟಲ್ ಡಿಟೆಕ್ಟರ್ ತಂದು ಎರಡು ಸಂಜೆ ಹುಡುಕಿದೆವು. ಅದು ಕೂಗಿದರೆ ಹೆಜ್ಜೆಗೊಮ್ಮೆ ಕೂಗುತ್ತದೆ, ಇಲ್ಲವಾದರೆ ಕೂಗುವುದೇ ಇಲ್ಲ. ನಾವು ನಿಧಿ ಹುಡುಕುತ್ತಿದ್ದೇವೆ ಎಂಬ ಮಾತೂ ಊರಿನಲ್ಲಿ ಹಬ್ಬಿದೆ. ಏನು ಮಾಡಬೇಕು?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ, ಯಂತ್ರವನ್ನು ನಿಮ್ಮ ಮಣ್ಣಿಗೂ ನಿಮ್ಮ ಬಾಣಕ್ಕೂ ಹೊಂದಿಸದೆ ಹುಡುಕಾಟಕ್ಕೆ ಇಳಿದಂತೆ ತೋರುತ್ತದೆ. ಡಿಟೆಕ್ಟರಿನ ತುದಿಯಲ್ಲಿರುವ ಕಾಯಿಲ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಹರಿಸುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ಸುಳಿಪ್ರವಾಹ (ಸುಳಿಯಂತೆ ಸುತ್ತುವ ವಿದ್ಯುತ್ತು) ಹುಟ್ಟಿ, ಆ ಪ್ರವಾಹದಿಂದ ಮರಳುವ ಕ್ಷೀಣ ಕ್ಷೇತ್ರವನ್ನು ಇನ್ನೊಂದು ಕಾಯಿಲ್ ಹಿಡಿದಾಗ ಸದ್ದು ಬರುತ್ತದೆ. ನಮ್ಮ ಕಡೆಯ ಚಿರೆಕಲ್ಲಿನ ಕೆಂಪು ನೆಲದಲ್ಲಿ ಕಬ್ಬಿಣದ ಆಕ್ಸೈಡು ತುಂಬಿರುವುದರಿಂದ ನೆಲವೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ನಿಮ್ಮ ಯಂತ್ರದಲ್ಲಿ ನೆಲದ ಉತ್ತರವನ್ನು ಅಡಗಿಸುವ ‘ಗ್ರೌಂಡ್ ಬ್ಯಾಲೆನ್ಸ್’ ಇದ್ದರೆ, ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ನೆಲದಿಂದ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಆ ಕೂಗು ಅಡಗುವವರೆಗೆ ಹೊಂದಿಸಿಕೊಳ್ಳಿ. ಆ ಸೌಲಭ್ಯವಿಲ್ಲದಿದ್ದರೆ ಸೆನ್ಸಿಟಿವಿಟಿಯನ್ನು ತಗ್ಗಿಸಿ. ಆಳ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಏಕೆಂದರೆ ನಿಮ್ಮ ಬಾಣಗಳು ಹೆಚ್ಚು ಆಳಕ್ಕೆ ಹೋಗಿರುವುದಿಲ್ಲ.

ಇನ್ನು ಯಂತ್ರ ಪೂರ್ತಿ ಸುಮ್ಮನಾಗುವುದೇಕೆ ಎಂಬುದು. ಕಾರ್ಬನ್ ನಾರಿನಲ್ಲಿ ವಿದ್ಯುತ್ತು ಅಲ್ಪಸ್ವಲ್ಪ ಹರಿಯುತ್ತದಾದರೂ ಸಾಮಾನ್ಯ ಡಿಟೆಕ್ಟರಿಗೆ ಅದು ಸಾಲದು. ಆದ್ದರಿಂದ ನೀವು ಹುಡುಕುತ್ತಿರುವುದು ಮುಕ್ಕಾಲು ಮೀಟರಿನ ಬಾಣವನ್ನಲ್ಲ, ಅದರ ಮೊನೆಯ ಚಿಕ್ಕ ಲೋಹದ ತುಂಡನ್ನು. 100 ಗ್ರೇನ್ ತೂಕದ ಮೊನೆ ಎಂದರೆ ಬರೀ ಆರೂವರೆ ಗ್ರಾಂ. ಅಲ್ಯೂಮಿನಿಯಂ ಬಾಣವಾಗಿದ್ದರೆ ಉದ್ದಕ್ಕೂ ಸ್ಪಷ್ಟವಾಗಿ ಕೂಗುತ್ತಿತ್ತು. ಮೊನೆಗಳು ಹೆಚ್ಚಾಗಿ ಉಕ್ಕಿನವು, ಆದರೆ ಹಳೆಯ ಮೊಳೆ, ತಂತಿಗಳ ಕಾಟ ತಪ್ಪಲೆಂದು ಅನೇಕರು ‘ಡಿಸ್ಕ್ರಿಮಿನೇಶನ್’ ಗುಂಡಿಯಿಂದ ಕಬ್ಬಿಣವನ್ನು ಬಿಟ್ಟುಬಿಡುವಂತೆ ಹೊಂದಿಸಿರುತ್ತಾರೆ. ಹಾಗಿದ್ದಾಗ ಯಂತ್ರವು ನಿಮ್ಮ ಬಾಣದ ಮೇಲೆಯೇ ಹಾದು ಹೋದರೂ ಸದ್ದು ಮಾಡದು. ಆ ಗುಂಡಿಯನ್ನು ಪೂರ್ತಿ ತೆರೆದು, ಎಲ್ಲ ಲೋಹಕ್ಕೂ ಸ್ಪಂದಿಸುವಂತೆ ಇರಿಸಿಕೊಳ್ಳಿ.

ಹುಡುಕಲು ಹೊರಡುವ ಮೊದಲು ಒಂದು ಕೆಲಸ ಮಾಡಿ, ಇದನ್ನು ದಯವಿಟ್ಟು ಬಿಡಬೇಡಿ. ಮಗಳ ಬಳಿ ಉಳಿದಿರುವ ಅದೇ ಜಾತಿಯ ಬಾಣವೊಂದನ್ನು ಅದೇ ಬೇಣದ ಹುಲ್ಲಿನ ಬೇರಿನಡಿ ಓರೆಯಾಗಿ ತೂರಿಸಿ, ಅದರ ಮೇಲೆ ಕಾಯಿಲನ್ನು ಹತ್ತು ಸಲ ಆಡಿಸಿ, ಸದ್ದು ಹೇಗೆ ಏರುತ್ತದೆ, ಎಲ್ಲಿ ಕಡಿಯುತ್ತದೆ ಎಂಬುದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ಬಹುಪಾಲು ಯಂತ್ರಗಳು ಕಾಯಿಲ್ ಚಲಿಸುತ್ತಿರುವಾಗ ಮಾತ್ರ ಸದ್ದು ಮಾಡುತ್ತವೆ. ಕಬ್ಬಿಣದ ಬಕಲಿನ ಚಪ್ಪಲಿ, ಸೊಂಟದ ಕತ್ತಿ, ಕಿಸೆಯ ಮೊಬೈಲು ಎಲ್ಲವನ್ನೂ ದೂರವಿಡಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಸಿಕ್ಕಿಕೊಂಡಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ತತ್ತ್ವದ ಉಪಕರಣದಿಂದ ಹುಡುಕಲು ಹೋಗಿ ವಿಫಲರಾದಾಗ, ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಅದಕ್ಕೆ ಕಾರಣವೆಂದು ಹೇಳಲಾಯಿತು.

ಹುಡುಕುವ ಜಾಗವನ್ನು ಮೊದಲು ಕಿರಿದಾಗಿಸಿ. ಮಗಳು ನಿಲ್ಲುವ ಸ್ಥಳದಿಂದ ಹಲಗೆಯ ನಡುವಿಗೆ ಹಗ್ಗ ಎಳೆದು, ಅದೇ ನೇರದಲ್ಲಿ ಹಲಗೆಯ ಹಿಂದಕ್ಕೂ ಮುಂದುವರಿಸಿ, ಹಗ್ಗದ ಎರಡೂ ಬದಿಗೆ ಎರಡೆರಡು ಮೀಟರು ಸಾಕು. ಹಲಗೆಗಿಂತ ಮುಂಚೆಯೇ ನೆಲ ಮುಟ್ಟಿದ ಬಾಣ ಹಾವಿನಂತೆ ಹುಲ್ಲಿನಡಿ ನುಸುಳಿ, ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರುತ್ತದೆ. ಕೂತು ನೋಡಿದರೆ ಹುಲ್ಲು ಬೆರಳಗಲ ಸೀಳಿದಂತೆ ಕಾಣಬಹುದು; ನಾನು ಕಳೆದುಕೊಂಡಿದ್ದ ಒಂದು ಬಾಣದ ಗುರುತು ಅಷ್ಟೇ ಇತ್ತು, ಹಿಂತುದಿಯಲ್ಲಿ ಬಿಲ್ಲಿನ ಹೆದೆಗೆ ಸಿಕ್ಕಿಸುವ ಹಳದಿ ನಾಕ್ ಕೂಡ ಕೆಸರು ಮೆತ್ತಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹುಲ್ಲು ಕೊಯ್ಯುವುದಿದ್ದರೆ ಈ ಪಟ್ಟಿಯಲ್ಲಿ ಕೈಯಿಂದಲೇ ಕೊಯ್ಯಿರಿ, ಯಂತ್ರದಿಂದ ಬೇಡ. ಆಮೇಲೆ ಹಗ್ಗಕ್ಕೆ ಅಡ್ಡಲಾಗಿ, ನೆಲದಿಂದ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ, ಒಂದು ಬೀಸು ಹಿಂದಿನ ಬೀಸಿನ ಅರ್ಧವನ್ನಾದರೂ ಮುಚ್ಚುವಂತೆ ಕಾಯಿಲನ್ನು ನಿಧಾನವಾಗಿ ಆಡಿಸುತ್ತ ಸಾಗಿ. ಸದ್ದು ಬಂದ ಕಡೆ ಮೊನೆಯಿದೆ, ನಾಕ್ ಮಗಳು ನಿಲ್ಲುವ ಕಡೆಗಿದೆ ಎಂದು ತಿಳಿಯಿರಿ. ನಡುವೆ ಹಿಡಿದು ಮೇಲಕ್ಕೆ ಎತ್ತದೆ, ಹುಲ್ಲು ಬಿಡಿಸಿ ಮೊನೆಯ ದಿಕ್ಕಿಗೆ ಎಳೆದು ತೆಗೆದರೆ ಗರಿಗಳು ಉಳಿಯುತ್ತವೆ. ಸಿಕ್ಕ ಬಾಣವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ. ಚಿಟಿಚಿಟಿ ಸದ್ದು ಕೇಳಿದರೆ ಅಥವಾ ಬಿರುಕು ಕಂಡರೆ ಮತ್ತೆ ಬಿಲ್ಲಿಗೆ ಏರಿಸಲೇಬಾರದು, ಬಿಡುವಾಗ ಮುರಿದು ಕೈಗೆ ನಾಟುತ್ತದೆ.

ಮೂರನ್ನೂ ಹುಡುಕಿಯೇ ತೀರಬೇಕು ಎಂದು ನಾನು ಒತ್ತಿ ಹೇಳುವುದು ಬಾಣದ ಬೆಲೆಗಾಗಿ ಅಲ್ಲ. ಬೇಣದ ಹುಲ್ಲು ಕೊನೆಗೆ ಕೊಟ್ಟಿಗೆಗೇ ಹೋಗುತ್ತದೆ. ಹುಲ್ಲಿನ ಜೊತೆ ಲೋಹದ ಚೂರು ನುಂಗಿದ ದನದ ಜಠರದಲ್ಲಿ ಅದು ಚುಚ್ಚಿ, ಕೆಲವೊಮ್ಮೆ ಹೃದಯದ ಪೊರೆಯವರೆಗೂ ತಲುಪುತ್ತದೆ. ಎಲ್ಲ ಸಿಗುವವರೆಗೆ ಆ ಪಟ್ಟಿಯ ಹುಲ್ಲನ್ನು ದನಕ್ಕೆ ಹಾಕಬೇಡಿ.

ನಿಧಿಯ ಮಾತಿಗೆ ಅಂಜುವ ಅಗತ್ಯವಿಲ್ಲ, ಅಕ್ಕಪಕ್ಕದವರನ್ನು ಕರೆದು ತೋರಿಸಿ, ಹಗಲಿನಲ್ಲೇ ಹುಡುಕಿ. ಆದರೆ ಹಳೆಯ ನಿಧಿಯೇನಾದರೂ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಬನವಾಸಿಯಂಥ ಸಂರಕ್ಷಿತ ಸ್ಥಳಗಳ ಹತ್ತಿರ ಯಂತ್ರ ಹಿಡಿದು ಓಡಾಡಬೇಡಿ.

ಪ್ರಶ್ನೆ: ಅದೇ ಯಂತ್ರ ಕಡಲ ಮರಳಿನಲ್ಲಿ ನಡೆಯುತ್ತದೆಯೇ?
– ಓದುಗರು, ಕಾರವಾರ

ಉತ್ತರ: ಒಣ ಮರಳಿನಲ್ಲಿ ನಡೆಯುತ್ತದೆ. ತೆರೆ ಬಡಿಯುವ ಒದ್ದೆ ಮರಳಿನಲ್ಲಿ ಉಪ್ಪುನೀರು ವಿದ್ಯುತ್ತನ್ನು ಹರಿಸುವುದರಿಂದ ಒಂದೇ ಆವರ್ತನದ ಸಾಮಾನ್ಯ ಯಂತ್ರ ಬಿಡದೆ ಕೂಗುತ್ತದೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ಮಿಡಿತಗಳಲ್ಲಿ ಕ್ಷೇತ್ರ ಹರಿಸುವ) ಅಥವಾ ಹಲವು ಆವರ್ತನಗಳ ಯಂತ್ರವೇ ಬೇಕು. ಕಾರವಾರದಲ್ಲಿ ನೌಕಾನೆಲೆಯಿರುವುದರಿಂದ, ಕಡಲ ಕರೆಯಲ್ಲಿ ಇಂಥ ಉಪಕರಣ ಹಿಡಿದು ಹೊರಡುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ಜನ ಅಡ್ಡಾಡುವ ತೀರದಲ್ಲಿ ಬಾಣ ಬಿಡುವುದಂತೂ ಕೂಡದು.