ಫಲಾಫೆಲ್ (ಕಾಳು ರುಬ್ಬಿ ಕರಿಯುವ ಅರಬ್ ನಾಡಿನ ವಡೆ) ಎಣ್ಣೆಗೆ ಬಿಟ್ಟ ಕೂಡಲೇ ಪುಡಿಪುಡಿ ಆಗುತ್ತದೆ, ಮೈದಾ ಸೇರಿಸಬೇಕಾ?

ಮೈದಾ ಬೇಡ. ಕಾಬೂಲಿ ಕಡಲೆಯನ್ನು ಕುಕ್ಕರಿನಲ್ಲಿ ಕೂಗಿಸಿ ರುಬ್ಬಿದೆ ಅಂತ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಫಲಾಫೆಲ್‌ಗೆ ಕಾಳು ಬೇಯಿಸುವುದೇ ಇಲ್ಲ. ನೆನೆಸಿ, ಹಸಿಯಾಗಿಯೇ ರುಬ್ಬಬೇಕು. ಹಸಿ ಕಾಳಿನ ಪಿಷ್ಟ ಬಿಸಿ ಎಣ್ಣೆಯಲ್ಲಿ ಬೇಯುತ್ತಾ ಅಂಟಾಗಿ ಉಂಡೆಯನ್ನು ಹಿಡಿದಿಡುತ್ತದೆ. ಮೊದಲೇ ಬೆಂದ ಕಾಳಿನಲ್ಲಿ ಆ ಕೆಲಸ ಮುಗಿದುಹೋಗಿರುತ್ತದೆ, ನೀರೂ ಜಾಸ್ತಿ ಇರುತ್ತದೆ. ಡಬ್ಬಿಯಲ್ಲಿ ಬರುವ ಕಡಲೆಯದೂ ಇದೇ ಕತೆ. ಅಂಬೊಡೆಗೆ ಯಾರಾದರೂ ಕಡಲೆಬೇಳೆ ಬೇಯಿಸುತ್ತಾರಾ? ಇಲ್ಲ ಅಲ್ವಾ?

ಒಂದು ಕಪ್ ಕಡಲೆಗೆ ಧಾರಾಳವಾಗಿ ನೀರು ಹಾಕಿ 12ರಿಂದ 18 ಗಂಟೆ ನೆನೆಸಿ. ಉಬ್ಬಿ ಎರಡರಷ್ಟಾಗುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ನೊರೆ ಬಂದು ಹುಳಿ ವಾಸನೆ ಹೊಡೆಯಬಹುದು, ಆಗ ಫ್ರಿಜ್‌ನಲ್ಲಿಡುವುದೇ ವಾಸಿ. ನೆನೆದ ಮೇಲೆ ನೀರು ಪೂರ್ತಿ ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿ. ಸುಮಾರು ಜನ ಈ ಒರೆಸುವುದನ್ನೇ ಬಿಟ್ಟುಬಿಡುತ್ತಾರೆ.

ಆಮೇಲೆ ಒಂದು ಸಣ್ಣ ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ಹಿಡಿ ಕೊತ್ತಂಬರಿ ಸೊಪ್ಪು, ಒಂದೊಂದು ಚಮಚ ಜೀರಿಗೆ ಪುಡಿ, ಧನಿಯಾ ಪುಡಿ, ಉಪ್ಪು. ಪಾರ್ಸ್ಲಿ (ಕೊತ್ತಂಬರಿಯಂಥದೇ ಒಂದು ಸೊಪ್ಪು) ಸಿಕ್ಕರೆ ಅರ್ಧ ಅದನ್ನು ಹಾಕಿ, ಸಿಗದಿದ್ದರೆ ಹುಡುಕಿಕೊಂಡು ಹೋಗಬೇಡಿ. ಗರಂ ಮಸಾಲೆ ಮಾತ್ರ ಬೇಡವೇ ಬೇಡ, ಹಾಕಿದರೆ ಅದು ಬೇರೆಯೇ ತಿಂಡಿ. ನಮ್ಮ ಮಿಕ್ಸಿ ಕ್ಷಣದಲ್ಲಿ ಪೇಸ್ಟ್ ಮಾಡಿಬಿಡುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ನೀರು ಒಂದು ಹನಿಯೂ ಬೇಡ. ಬೆರಳಿಗೆ ಸಣ್ಣ ತರಿ ಸಿಗಬೇಕು, ಅಂಗೈಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಂದು ಸುತ್ತು ರುಬ್ಬಿ. ಆಗಲೂ ಒದ್ದೆ ಅನಿಸಿದರೆ ಒಂದು ಚಮಚ ಕಡಲೆಹಿಟ್ಟು ಸಾಕು.

ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಕರಿಯುವ ಮುಂಚೆ ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಹಿಟ್ಟು ಹಾಕಿ ನೋಡಿ, ಗುಳ್ಳೆಯೆದ್ದು ಬೇಗ ಮೇಲೆ ಬರಬೇಕು. ಮೊದಲು ಒಂದೇ ಒಂದು ಉಂಡೆ ಬಿಡಿ. ಹಾಕಿದ ತಕ್ಷಣ ಜಾಲರಿಯಿಂದ ಕೆದಕಬೇಡಿ, ಹೊರಗೆ ಗಟ್ಟಿ ಪದರ ಕಟ್ಟಲಿ.

ಫಲಾಫೆಲ್ ಅನ್ನು ಕಡಲೆಯಿಂದ ಮಾಡುವುದು ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್ ಕಡೆಯ ಕ್ರಮ. ಈಜಿಪ್ಟಿನವರು ತಾಮಿಯಾ ಅಂತ ಮಾಡುವುದು ಸಿಪ್ಪೆ ತೆಗೆದ ಒಣ ಫಾವಾ (ಬ್ರಾಡ್ ಬೀನ್ಸ್) ಕಾಳಿನಿಂದ. ಅದು ಒಳಗೆ ಇನ್ನೂ ಹಸಿರು, ಇನ್ನೂ ಮೃದು. ಅಲ್ಲೂ ಕಾಳು ನೆನೆಸುವುದೇ ಹೊರತು ಬೇಯಿಸುವುದಿಲ್ಲ.

ಜೊತೆಗೆ ತಾಹಿನಿ ಸಾಸ್ ಮಾಡುವುದಾದರೆ ಎಳ್ಳಿನ ಪೇಸ್ಟ್‌ಗೆ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಉಪ್ಪು ಹಾಕಿ ಕಲಸಿ. ಮೊದಲು ಮುದ್ದೆಗಟ್ಟುತ್ತದೆ, ಕೆಟ್ಟಿತು ಅಂತ ಚೆಲ್ಲಬೇಡಿ. ತಣ್ಣೀರು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರೆ ಬೆಳ್ಳಗೆ, ನುಣ್ಣಗೆ ಸಡಿಲವಾಗುತ್ತದೆ.