ಓದುಗರ ಪ್ರಶ್ನೆ, ತಜ್ಞರ ಉತ್ತರ: ಮನೆಯಲ್ಲಿ ಬರೆಯುವ ಕಾನೂನು ಪರೀಕ್ಷೆಗೆ ಯಾರ ನೆರವು ಪಡೆಯಬಹುದು?

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನವಳು, ಕಲಬುರಗಿಯಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಆಂತರಿಕ ಅಂಕಗಳಿಗಾಗಿ ಕರಾರು ಕಾನೂನಿನ ಪ್ರಶ್ನೆಪತ್ರಿಕೆಯನ್ನು ಮನೆಗೇ ಕೊಟ್ಟು, ಮೂರು ದಿನಗಳಲ್ಲಿ ಉತ್ತರ ಬರೆದು ತರಲು ಹೇಳುತ್ತಾರೆ. ಕಳೆದ ಸಲ ಪುಸ್ತಕದಲ್ಲಿದ್ದುದನ್ನೆಲ್ಲ ಬರೆದರೂ ಅಂಕ ಕಡಿಮೆ ಬಂದವು. ಮುಂದಿನ ತಿಂಗಳು ಅಂಥದೇ ಇನ್ನೊಂದು ಪರೀಕ್ಷೆಯಿದೆ. ನಮ್ಮ ಕಾಕಾ ಇಲ್ಲಿಯೇ ವಕೀಲಿ ಮಾಡುತ್ತಾರೆ. ಪ್ರಶ್ನೆಗಳನ್ನು ತೋರಿಸಿದರೆ ಒಂದೇ ಸಂಜೆಯಲ್ಲಿ ಬಿಡಿಸಿಕೊಡುತ್ತೇನೆ ಎನ್ನುತ್ತಾರೆ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್‌ ಅನ್ನು ಕೇಳಿದರಾಯಿತು ಎಂದು ಗೆಳತಿಯರು ಹೇಳುತ್ತಾರೆ. ಯಾರ ನೆರವನ್ನು ಎಷ್ಟರಮಟ್ಟಿಗೆ ಪಡೆಯಬಹುದು? ಇಂಥ ಪ್ರಶ್ನೆಗೆ ಉತ್ತರಿಸುವ ಕ್ರಮ ಯಾವುದು?
— ಹೆಸರು ಬೇಡ, ಕಲಬುರಗಿ

ಉತ್ತರ: ಪ್ರಶ್ನೆಪತ್ರಿಕೆ ನಿಮ್ಮ ಕೈಗೆ ಬರುವ ಮುಂಚೆ ಕಾಕಾ ಅವರಿಂದ ಎಷ್ಟು ಬೇಕಾದರೂ ಕಲಿಯಿರಿ, ಕೈಗೆ ಬಂದ ಮೇಲೆ, ಕಾಲೇಜು ಸ್ಪಷ್ಟವಾಗಿ ಅನುಮತಿ ಕೊಟ್ಟಿದ್ದರೆ ಮಾತ್ರ ಅದನ್ನು ಅವರಿಗೆ ತೋರಿಸಿ. ಪತ್ರಿಕೆಯ ಮೇಲ್ಭಾಗದ ಸೂಚನೆಗಳಲ್ಲಿ ಪುಸ್ತಕ ನೋಡಬಹುದೇ, ಪರಸ್ಪರ ಚರ್ಚಿಸಬಹುದೇ ಎಂಬುದನ್ನು ಸಾಮಾನ್ಯವಾಗಿ ಬರೆದಿರುತ್ತಾರೆ, ಬರೆದಿಲ್ಲವಾದರೆ ಅಧ್ಯಾಪಕರನ್ನು ಮೊದಲೇ ಕೇಳಿಕೊಳ್ಳಿ. ಪುಸ್ತಕ ನೋಡಲು ಅವಕಾಶವಿದೆ ಎಂದ ಮಾತ್ರಕ್ಕೆ ಬೇರೆಯವರ ಬುದ್ಧಿಯನ್ನು ಎರವಲು ತರಲು ಅವಕಾಶವಿದೆ ಎಂದು ಅರ್ಥವಲ್ಲ. ಕಾಕಾ ಅವರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ವಕೀಲರ ವೃತ್ತಿಸಂಬಂಧಿ ದುರ್ನಡತೆಯನ್ನಷ್ಟೇ ಅಲ್ಲದೆ ಇತರ ದುರ್ನಡತೆಯನ್ನೂ ವಿಚಾರಿಸುವ ಅಧಿಕಾರವನ್ನು 1961ರ ವಕೀಲರ ಕಾಯ್ದೆಯ 35ನೇ ಕಲಂ ವಕೀಲರ ಪರಿಷತ್ತಿಗೆ ಕೊಟ್ಟಿದೆ, ಆದ್ದರಿಂದ ಇನ್ನೊಬ್ಬರ ಪರೀಕ್ಷೆ ಬರೆದುಕೊಡುವುದು ಅವರಿಗೂ ಕ್ಷೇಮವಲ್ಲ. ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ನಿಮ್ಮ ತರಗತಿಯಲ್ಲೇ ಕುಳಿತಿರಬಹುದಾದ, ಮನೆತನದಲ್ಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿರದ, ಅಪ್ಪ ಅವ್ವ ಹೊಲದಲ್ಲಿ ದುಡಿದು ಓದಿಸುತ್ತಿರುವ ಹುಡುಗಿಯ ವಿಚಾರ. ಆಕೆಗೆ ವಕೀಲ ಕಾಕಾ ಇಲ್ಲ. ಇಬ್ಬರ ಉತ್ತರಗಳೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುವಾಗ ನಿಮ್ಮ ತಟ್ಟೆಯಲ್ಲಿ ನಿಮ್ಮ ದುಡಿಮೆಯಷ್ಟೇ ಇರಬೇಕು.

ಈಗ ಉತ್ತರಿಸುವ ಕ್ರಮಕ್ಕೆ ಬರೋಣ. ಪುಸ್ತಕದಲ್ಲಿದ್ದುದನ್ನೆಲ್ಲ ಬರೆದಿರಿ ಎಂದಿದ್ದೀರಿ. ಅಂಕ ಕಡಿಮೆಯಾಗಲು ಬಹುಶಃ ಅದೇ ಕಾರಣ. ಪುಸ್ತಕ ಎಲ್ಲರ ಮುಂದೆಯೂ ತೆರೆದಿರುವಾಗ, ಕಲಂ ಏನು ಹೇಳುತ್ತದೆ ಎಂಬುದಕ್ಕೆ ಹೆಚ್ಚು ಅಂಕ ಸಿಗುವುದಿಲ್ಲ. ಕೊಟ್ಟ ಸಂಗತಿಗಳಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬ ವಾದಕ್ಕೇ ಅಂಕ. ನಮ್ಮ ಕಡೆಯ ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ಚಿಂಚೋಳಿ ಕಡೆಯ ಒಬ್ಬ ರೈತ, ಜನವರಿಯಲ್ಲಿ 50 ಕ್ವಿಂಟಲ್ ತೊಗರಿಯನ್ನು ಗೊತ್ತುಪಡಿಸಿದ ದರಕ್ಕೆ ಕೊಡುವುದಾಗಿ ಕಲಬುರಗಿ ಗಂಜಿನ ವ್ಯಾಪಾರಿಯೊಂದಿಗೆ ಸೆಪ್ಟೆಂಬರಿನಲ್ಲಿ ಕರಾರು ಮಾಡಿಕೊಂಡು ಮುಂಗಡ ಪಡೆಯುತ್ತಾನೆ. ಅತಿವೃಷ್ಟಿಗೆ ಬೆಳೆ ಕೊಳೆತುಹೋಗುತ್ತದೆ. ವ್ಯಾಪಾರಿ ಬೇರೆಡೆ ಹೆಚ್ಚಿನ ದರಕ್ಕೆ ತೊಗರಿ ಕೊಂಡು, ವ್ಯತ್ಯಾಸದ ಹಣವನ್ನು ರೈತನಿಂದ ಕೇಳುತ್ತಾನೆ.

ಇದನ್ನು ಓದಿದೊಡನೆ ಹೆಚ್ಚಿನ ವಿದ್ಯಾರ್ಥಿಗಳು 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಮನ್ನು ಬರೆದು, ನೆರವೇರಿಸುವುದು ಅಸಾಧ್ಯವಾದ್ದರಿಂದ ಕರಾರು ಶೂನ್ಯ ಎಂದು ಮುಗಿಸಿಬಿಡುತ್ತಾರೆ. ಆದರೆ ಈ ವ್ಯಾಜ್ಯದ ಜೀವ ಇರುವುದು ಪ್ರಸಂಗದಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯಲ್ಲಿ: ರೈತ ಒಪ್ಪಿಕೊಂಡದ್ದು ತನ್ನ ಹೊಲದ ತೊಗರಿಯನ್ನೋ, ಎಲ್ಲಿಯದಾದರೂ ಸರಿ 50 ಕ್ವಿಂಟಲ್ ತೊಗರಿಯನ್ನೋ? ತನ್ನ ಹೊಲದ್ದೇ ಎಂದಾದರೆ 56ನೇ ಕಲಮಿನ ಎರಡನೆಯ ಪ್ಯಾರಾ ಅವನ ನೆರವಿಗೆ ಬರುತ್ತದೆ. ಇಂಗ್ಲೆಂಡಿನ ಹೋವೆಲ್ ವಿರುದ್ಧ ಕೂಪ್‌ಲ್ಯಾಂಡ್ ಪ್ರಕರಣದಲ್ಲಿ ನಿರ್ದಿಷ್ಟ ಹೊಲದ 200 ಟನ್ ಆಲೂಗಡ್ಡೆಯ ಕರಾರಾಗಿತ್ತು, ರೋಗ ಬಿದ್ದು ಸುಮಾರು 80 ಟನ್ ಮಾತ್ರ ಬೆಳೆದಾಗ ಉಳಿದದ್ದಕ್ಕೆ ಬೆಳೆಗಾರ ಹೊಣೆಯಲ್ಲವೆಂದು 1876ರಲ್ಲಿ ತೀರ್ಪಾಯಿತು. ಇಂಗ್ಲಿಷ್ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ದಾರಿ ತೋರಿಸಬಹುದಷ್ಟೇ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿ. ಇಷ್ಟಾದರೂ ಪಡೆದ ಮುಂಗಡ ರೈತನಲ್ಲಿ ಉಳಿಯುವುದಿಲ್ಲ. 65ನೇ ಕಲಮಿನ ಪ್ರಕಾರ ಅದನ್ನು ಹಿಂದಿರುಗಿಸಬೇಕು. ಬಹಳಷ್ಟು ಉತ್ತರಪತ್ರಿಕೆಗಳಲ್ಲಿ ಈ ಭಾಗವೇ ಬಿಟ್ಟುಹೋಗಿರುತ್ತದೆ.

ಕರಾರು ಯಾವುದೇ ತೊಗರಿಗೆ ಸಂಬಂಧಿಸಿದ್ದೆಂದಾದರೆ ಮಾತೇ ಬೇರೆ. ಗಂಜಿನಲ್ಲಿ ತೊಗರಿ ದೊರೆಯುತ್ತಿರುವವರೆಗೆ ನೆರವೇರಿಕೆ ಅಸಾಧ್ಯವಲ್ಲ, ದುಬಾರಿ ಮಾತ್ರ. ಅಸಾಧ್ಯವೆಂದರೆ ಕೇವಲ ಭೌತಿಕ ಅಸಾಧ್ಯತೆಯಲ್ಲ, ಕರಾರಿನ ಬುಡವೇ ಕುಸಿದರೂ ಸಾಕು ಎಂದು ಸುಪ್ರೀಂ ಕೋರ್ಟ್ 1954ರ ಸತ್ಯಬ್ರತ ಘೋಷ್ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ಸೇನೆಗೆ ತುಪ್ಪ ಪೂರೈಸುವ ವಿಷಯದ 1960ರ ಅಲೋಪಿ ಪರ್ಷಾದ್ ಪ್ರಕರಣದಲ್ಲಿ, ಪರಿಸ್ಥಿತಿ ಬದಲಾಗಿ ಬೆಲೆ ಏರಿತೆಂಬ ಕಾರಣಕ್ಕೆ ಕರಾರಿನಿಂದ ಬಿಡುಗಡೆಯಿಲ್ಲ ಎಂದೂ ಅದೇ ನ್ಯಾಯಾಲಯ ಹೇಳಿದೆ. ಆಗ 73ನೇ ಕಲಮಿನಂತೆ, ಕರಾರಿನ ದರಕ್ಕೂ ಅದು ಮುರಿದ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸವನ್ನು ವ್ಯಾಪಾರಿ ಪಡೆಯಬಹುದು. ಹೀಗೆ ಎರಡೂ ದಾರಿಗಳಲ್ಲಿ ನಡೆದು ನೋಡಿ, ದರ, ಮುಂಗಡ, ಮಾತುಕತೆಯ ಸಮಯ ಬೆಳೆ ಹೊಲದಲ್ಲೇ ಇದ್ದದ್ದು ಮುಂತಾದ ಸಂಗತಿಗಳು ಯಾವ ಕಡೆಗೆ ವಾಲುತ್ತವೆ ಎಂದು ತೂಗಿ, ಕೊನೆಗೆ ಧೈರ್ಯದಿಂದ ಒಂದು ತೀರ್ಮಾನಕ್ಕೆ ಬನ್ನಿ. ತೀರ್ಮಾನ ಪರೀಕ್ಷಕರ ಅಭಿಪ್ರಾಯಕ್ಕೆ ಹೊಂದದಿದ್ದರೂ ವಾದ ಗಟ್ಟಿಯಾಗಿದ್ದರೆ ಅಂಕಕ್ಕೆ ಮೋಸವಾಗುವುದಿಲ್ಲ.

ಕಾಕಾ ಅವರಿಂದ ಈ ತಿಂಗಳಲ್ಲಿ ನೀವು ಪಡೆಯಬೇಕಾದ ನೆರವು ಇಂಥದು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನೀವೇ ಬಿಡಿಸಿ ಅವರ ಮುಂದಿಟ್ಟು, ಎದುರು ಪಕ್ಷದ ವಕೀಲರಾಗಿ ಇದನ್ನು ಒಡೆಯಿರಿ ಎಂದು ಕೇಳಿ. ಕಲಬುರಗಿಯಲ್ಲಿ ಹೈಕೋರ್ಟಿನ ಪೀಠ 2008ರಿಂದ ಇದೆ, 2013ರಿಂದ ಖಾಯಂ ಆಗಿದೆ. ಅವರೊಂದಿಗೆ ಒಂದು ದಿನ ಅಲ್ಲಿ ಕುಳಿತು ಒಂದೇ ಸಂಗತಿಯನ್ನು ಇಬ್ಬರು ವಕೀಲರು ಎರಡು ಬಗೆಯಾಗಿ ಮಂಡಿಸುವುದನ್ನು ಕೇಳಿ.

ಆ್ಯಪ್‌ಗಳ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ಕಾಲೇಜು ನಿಷೇಧಿಸಿದ್ದರೆ ಮುಟ್ಟಬೇಡಿ, ಅನುಮತಿಸಿದ್ದರೂ ಅವು ಕೊಡುವ ತೀರ್ಪಿನ ಹೆಸರನ್ನು ಮೂಲ ನೋಡದೆ ಬರೆಯಬೇಡಿ. ಅಮೆರಿಕದ ನ್ಯೂಯಾರ್ಕಿನಲ್ಲಿ, ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಎಂದೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳನ್ನು 2023ರ ಜನವರಿಯಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ, ಕೇಂದ್ರದ ಕಾಯ್ದೆಗಳನ್ನು ಇಂಡಿಯಾ ಕೋಡ್ ತಾಣದಲ್ಲಿ ಉಚಿತವಾಗಿಯೇ ಓದಬಹುದು. ಕೆಲವು ತೀರ್ಪುಗಳ ಕನ್ನಡ ಅನುವಾದವೂ ದೊರೆಯುತ್ತದೆ. ಅರ್ಥ ಮಾಡಿಕೊಳ್ಳಲು ಅದು ಬಹಳ ಒಳ್ಳೆಯದು, ಆದರೆ ಉಲ್ಲೇಖಿಸುವಾಗ ಇಂಗ್ಲಿಷ್ ಮೂಲವನ್ನು ತಾಳೆ ನೋಡಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಒಂದೇ ಬಾಡಿಗೆ ಕೋಣೆಯಲ್ಲಿದ್ದೇವೆ. ಅಪರಾಧ ಕಾನೂನಿನ ಇಂಥದೇ ಪರೀಕ್ಷೆಗೆ ಕೂಡಿ ಚರ್ಚಿಸಿ, ಬೇರೆ ಬೇರೆಯಾಗಿ ಬರೆದರೆ ತಪ್ಪೇ? ನಮ್ಮ ಬಳಿಯಿರುವುದು ಹಳೆಯ ಗೈಡ್.
— ಶಹಾಪುರದ ಓದುಗ, ಯಾದಗಿರಿ ಜಿಲ್ಲೆ

ಉತ್ತರ: ಚರ್ಚೆಗೆ ಅನುಮತಿ ಇದ್ದರೆ ತಪ್ಪಲ್ಲ, ಆದರೆ ಚರ್ಚೆಯಾದ ಮೇಲೆ ಒಬ್ಬರ ಟಿಪ್ಪಣಿ ಇನ್ನೊಬ್ಬರ ಮೇಜಿನ ಮೇಲಿರಬಾರದು; ಯಾರೊಂದಿಗೆ ಚರ್ಚಿಸಿದಿರಿ ಎಂಬುದನ್ನು ಉತ್ತರದ ಕೊನೆಯಲ್ಲಿ ಬರೆದುಬಿಡಿ. ಅನುಮತಿಯಿಲ್ಲದಿದ್ದರೆ, ಕೋಣೆ ಒಂದೇ ಎಂಬ ಕಾರಣಕ್ಕೆ ನಿಯಮ ಸಡಿಲವಾಗುವುದಿಲ್ಲ. ನಿಮ್ಮ ಗೈಡ್ ಬಗ್ಗೆ ನನಗೆ ಹೆಚ್ಚು ಆತಂಕವಿದೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂದಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೇ ಕಲಂ ಈಗ 103, ವಂಚನೆಯ 420 ಈಗ 318ರ ನಾಲ್ಕನೇ ಉಪಕಲಂ. ಹಾಗೆಂದು ಹಳೆಯದನ್ನು ಪೂರ್ತಿ ಮರೆಯುವಂತೆಯೂ ಇಲ್ಲ: ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ಕೃತ್ಯದ ದಿನಾಂಕ ಕೊಟ್ಟಿದ್ದರೆ ಮೊದಲು ಅದರ ಕೆಳಗೆ ಗೆರೆ ಎಳೆದು, ಯಾವ ಸಂಹಿತೆ ಎಂಬುದನ್ನು ಉತ್ತರದ ಆರಂಭದಲ್ಲೇ ಹೇಳಿ ಮುಂದುವರಿಯಿರಿ.